ನಮ್ಮ ಮನೆಯ ‘ಮಡಿ’

ಹೋದ ತಿಂಗಳ ಮಾತು. ಮಧ್ಯಾಹ್ನ ಹಿತ್ತಿಲ ನಲ್ಲಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು, ಉಗುರಿನ ಸಂದಿಯಲ್ಲಿ ಒಣಗಿ ಗಟ್ಟಿಯಾಗಿದ್ದ ಅಕ್ಕಿರೊಟ್ಟಿಯ ಹಿಟ್ಟನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದೆ. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯಕ್ಕ ನೋಡಿ ನಕ್ಕರು.

“ಅದೇನ್ರೀ, ಮದುವೆ ಹೆಣ್ಣಿನ ಹಾಗೆ ಉಗುರು ತಿಕ್ತಾ ಕೂತಿದ್ದೀರಿ?”

“ನಮಾಜಿನ ಹೊತ್ತಾಯ್ತಕ್ಕಾ. ಹಿಟ್ಟು ಹಾಗೇ ಇದ್ರೆ ಅದರಡಿಗೆ ನೀರು ಹೋಗೋದಿಲ್ಲ. ನೀರು ಹೋಗದಿದ್ರೆ ವುಜೂ ಆದ ಹಾಗಲ್ಲ.”

“ಹಾಗಾದ್ರೆ ನಿಮ್ಮಲ್ಲೂ ಮಡಿ ಉಂಟು ಅನ್ನಿ!”

ಉಂಟು ಎನ್ನಲೇ, ಇಲ್ಲ ಎನ್ನಲೇ ತಿಳಿಯದೆ ನಾನೂ ನಕ್ಕು ಸುಮ್ಮನಾದೆ. ಬೇಲಿಯ ಎರಡು ಕಡೆ ಇಪ್ಪತ್ತು ವರ್ಷ ಬದುಕಿದ್ದೇವೆ. ಸಾರಿನ ಪುಡಿ, ಹಪ್ಪಳದ ಹಿಟ್ಟು, ಮಕ್ಕಳ ಹಳೇ ಪುಸ್ತಕ ಎಲ್ಲ ಈ ಬೇಲಿ ದಾಟಿವೆ. ಈ ಒಂದು ವಿಷಯ ಮಾತ್ರ ದಾಟಿರಲಿಲ್ಲ. ಅಕ್ಕನಿಗೆ ಅಂದು ಹೇಳಲಾಗದ್ದನ್ನು ನಿಮ್ಮೆಲ್ಲರ ಮುಂದೆ ಬರೆಯೋಣವೆನಿಸಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ, ಧರ್ಮಪಂಡಿತೆಯೂ ಅಲ್ಲ. ಉಮ್ಮ ಕಲಿಸಿದ್ದು, ಮದ್ರಸಾದಲ್ಲಿ ಕೇಳಿದ್ದು, ಅತ್ತೆಯ ಕೈಕೆಳಗೆ ಬಾಳುತ್ತಾ ತಿಳಿದದ್ದು, ಅಷ್ಟೇ.

ನಮ್ಮಲ್ಲಿ ಶುದ್ಧಿ ಎರಡು ಬಗೆ. ನಮಾಜಿಗೆ ಮುಂಚೆ ಮಾಡುವ ಅಂಗಸ್ನಾನ ವುಜೂ. ಮುಖ, ಮೊಣಕೈಯವರೆಗೆ ಎರಡು ಕೈ, ಹರಡಿನವರೆಗೆ ಪಾದ ತೊಳೆಯುವುದು, ತಲೆಯನ್ನು ಒದ್ದೆ ಕೈಯಿಂದ ಸವರುವುದು. ಇದು ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲೇ ಇದೆ. ಇನ್ನೊಂದು ಗುಸ್ಲ್, ಅಂದರೆ ಮೈಯೆಲ್ಲ ನೆನೆಯುವ ಸ್ನಾನ. ಗಂಡ ಹೆಂಡಿರ ಸಂಗದ ನಂತರ, ತಿಂಗಳ ಮುಟ್ಟು ನಿಂತ ಮೇಲೆ, ಬಾಣಂತಿಯ ಸ್ರಾವ ನಿಂತ ಮೇಲೆ ಅದು ಕಡ್ಡಾಯ. ಒಂದು ಕೂದಲಿನ ಬುಡವೂ ಒಣಗಿ ಉಳಿಯಬಾರದು. ಮೂಗುಬೊಟ್ಟು, ಓಲೆ ಸಡಿಲಿಸಿ ತಿರುಗಿಸಿ ನೀರು ಹೋಗುವಂತೆ ನೋಡಿಕೊಳ್ಳಬೇಕು. ಮದರಂಗಿಯ ಬಣ್ಣ ಇದ್ದರೆ ತೊಂದರೆಯಿಲ್ಲ, ಅದು ಬರೀ ಬಣ್ಣ. ನೈಲ್ ಪಾಲಿಶ್ ಇದ್ದರೆ ಆಗದು, ಅದು ಪದರ. ನನ್ನ ಮಗಳಿಗೂ ನನಗೂ ಈ ಒಂದು ವಿಷಯಕ್ಕೆ ನಡೆದಷ್ಟು ಜಗಳ ಪರೀಕ್ಷೆಯ ಅಂಕಗಳಿಗೂ ನಡೆದಿಲ್ಲ!

ಆದರೆ ಅಕ್ಕ ಹೇಳಿದ ‘ಮಡಿ’ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ ನೋಡಿ. ನಮ್ಮಲ್ಲಿ ಮುಟ್ಟಿದರೆ ಅಂಟುವ ಮೈಲಿಗೆ ಇಲ್ಲ. ಮುಟ್ಟಾದವಳು ನಮಾಜು ಮಾಡುವಂತಿಲ್ಲ, ಉಪವಾಸ ಹಿಡಿಯುವಂತಿಲ್ಲ, ಗಂಡನ ಸಂಗ ಇಲ್ಲ. ಒಲೆ ಮುಟ್ಟಬಹುದು, ಉಪ್ಪಿನಕಾಯಿ ಭರಣಿ ಮುಟ್ಟಬಹುದು, ಎಲ್ಲರ ಜೊತೆ ಕೂತು ಉಣ್ಣಬಹುದು. ತಪ್ಪಿದ ಉಪವಾಸವನ್ನು ಆಮೇಲೆ ತೀರಿಸಬೇಕು, ತಪ್ಪಿದ ನಮಾಜು ಮಾತ್ರ ಮಾಫಿ. ಪ್ರವಾದಿಯವರು (ಸ) ಹಝ್ರತ್ ಆಯಿಶಾರಿಗೆ ಒಮ್ಮೆ ಮಸೀದಿಯಿಂದ ಚಾಪೆ ತಂದುಕೊಡಲು ಹೇಳಿದಾಗ ಅವರು ತಾನು ಮುಟ್ಟಾಗಿದ್ದೇನೆಂದು ಹಿಂಜರಿದರಂತೆ. ಆ ಮುಟ್ಟು ನಿನ್ನ ಕೈಯಲ್ಲೇನೂ ಇಲ್ಲವಲ್ಲ ಎಂಬರ್ಥದ ಉತ್ತರ ಬಂತು. ಆಯಿಶಾರು ಬಟ್ಟಲಿನಲ್ಲಿ ತುಟಿಯಿಟ್ಟ ಜಾಗದಲ್ಲೇ ತುಟಿಯಿಟ್ಟು ಪ್ರವಾದಿಯವರು ಕುಡಿದದ್ದೂ, ಅವರ ಮಡಿಲಿಗೆ ಒರಗಿ ಕುರ್‌ಆನ್ ಓದಿದ್ದೂ ಹದೀಸಿನಲ್ಲಿ ಬರುತ್ತದೆ. ಇಷ್ಟಿದ್ದರೂ ನಮ್ಮ ಕೆಲವು ಮನೆಗಳಲ್ಲಿ ಆ ದಿನಗಳಲ್ಲಿ ಹುಡುಗಿಯರನ್ನು ಉಪ್ಪಿನಕಾಯಿಯಿಂದ ದೂರ ಇಡುವುದನ್ನು ನೋಡಿದ್ದೇನೆ. ಬೇಲಿ ದಾಟಿ ಬಂದದ್ದು ಸಾರಿನ ಪುಡಿ ಮಾತ್ರವಲ್ಲ ಎನ್ನಿ.

ಇನ್ನು ನನ್ನ ಅತ್ತೆಯ ಮಾತು.

ನಾನು ಕರಾವಳಿಯ ಬ್ಯಾರಿಗಳ ಮನೆಯ ಹುಡುಗಿ. ಮದುವೆಯಾಗಿ ಬಂದದ್ದು ಘಟ್ಟದ ಮೇಲಿನ ಮನೆಗೆ. ಬಾಪನಿಗೆ ಅಡಿಕೆ ವ್ಯಾಪಾರದಲ್ಲಿ ಪರಿಚಯವಾದ ಸಂಬಂಧ. ಇಲ್ಲಿ ಮನೆಮಾತು ದಖ್ಖನಿ ಉರ್ದು, ಅಲ್ಲಿ ನಮ್ಮದು ಬ್ಯಾರಿ. ಭಾಷೆ ಆರು ತಿಂಗಳಲ್ಲಿ ಬಂತು. ಬಚ್ಚಲು ಮನೆಯ ಕಾನೂನು ಬರಲು ಆರು ವರ್ಷ ಹಿಡಿಯಿತು. ನಾವು ಶಾಫಿಗಳು, ಇವರು ಹನಫಿಗಳು. ಧರ್ಮ ಒಂದೇ, ಕುರ್‌ಆನ್ ಒಂದೇ, ಆದರೆ ಇಮಾಮರುಗಳು ಅರ್ಥ ಬಿಡಿಸಿದ ಕ್ರಮದಲ್ಲಿ ಅಲ್ಪಸ್ವಲ್ಪ ಭೇದ. ಆ ಅಲ್ಪಸ್ವಲ್ಪವೇ ಅತ್ತೆ ಸೊಸೆಯರಿಗೆ ಸಾಕಲ್ಲವೇ?

ಶಾಫಿ ಕ್ರಮದಲ್ಲಿ ಗಂಡ ಹೆಂಡಿರ ಮೈ ತಾಗಿದರೆ ವುಜೂ ಮುರಿಯುತ್ತದೆ. ಹನಫಿಯಲ್ಲಿ ಮುರಿಯುವುದಿಲ್ಲ. ಹೊಸದರಲ್ಲಿ ನಾನು ವುಜೂ ಮಾಡಿ ಬರುವಾಗ ನಮ್ಮವರು ಕನ್ನಡಕ ಹಿಡಿ ಎಂದು ಕೊಡಲು ಬಂದರೆ ನಾನು ಹಾವು ಕಂಡವಳಂತೆ ಹಿಂದೆ ಸರಿಯುತ್ತಿದ್ದೆ. ತಾಗಿದರೆ ಮತ್ತೆ ನಲ್ಲಿಯ ಕಡೆ ಓಟ. ಅತ್ತೆ ಗಂಭೀರವಾಗಿ ಮಗನನ್ನು ಕರೆದು, ‘ಹುಡುಗಿಗೆ ನೀನು ಇಷ್ಟವಿಲ್ಲವೇನೋ, ಕೇಳಿ ನೋಡು’ ಎಂದಿದ್ದರಂತೆ! ಒಮ್ಮೆ ಮೀನು ಕೊಯ್ಯುವಾಗ ನನ್ನ ಬೆರಳು ಕುಯ್ದು ರಕ್ತ ಹರಿಯಿತು. ಪಟ್ಟಿ ಕಟ್ಟಿಕೊಂಡು ಮೊದಲಿನ ವುಜೂವಿನಲ್ಲೇ ನಮಾಜಿಗೆ ನಿಂತೆ. ನಮ್ಮಲ್ಲಿ ರಕ್ತದಿಂದ ವುಜೂ ಹೋಗುವುದಿಲ್ಲ, ಇವರಲ್ಲಿ ರಕ್ತ ಹರಿದರೆ ಹೋಗುತ್ತದೆ. ಅಂದು ಅತ್ತೆ ಗಂಭೀರವಾಗಿರಲಿಲ್ಲ, ರೇಗಿದರು.

ಅತ್ತೆಗೆ ಶುದ್ಧಿಯ ವಿಷಯದಲ್ಲಿ ಮೊದಲಿನಿಂದಲೂ ಬಿಗಿ. ವುಜೂ ಮಾಡಿ ಬಂದ ನನ್ನ ಕೈಯನ್ನು ಹಿಡಿದು ತಿರುಗಿಸಿ, “ಮೊಣಕೈ ಒಣಗಿದೆ ನೋಡು, ಹೋಗು, ಮತ್ತೆ ಮಾಡು” ಎಂದು ವಾಪಸು ಕಳಿಸಿದ ದಿನಗಳೆಷ್ಟೋ. ತಾವು ಮಾತ್ರ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದರು. ಎಷ್ಟು ತೊಳೆದರೂ ಒಂದು ಅನುಮಾನ. ನಮ್ಮ ಉಮ್ಮನದು ಬೇರೆಯೇ ರೀತಿ. ಬೇಸಿಗೆಯಲ್ಲಿ ಬಾವಿ ಬತ್ತುವ ಊರು ನಮ್ಮದು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಜೂ ಮಾಡುತ್ತಿದ್ದರು, ಒಂದು ಸಾಅ್ ನೀರಿನಲ್ಲಿ, ಹೆಚ್ಚೆಂದರೆ ಐದು ಮುದ್ದ್‌ನಲ್ಲಿ, ಮೀಯುತ್ತಿದ್ದರು ಎಂದು ಉಮ್ಮ ಹೇಳಿಕೊಡುತ್ತಿದ್ದರು. ಮುದ್ದ್ ಎಂದರೆ ಎರಡು ಕೈ ಬೊಗಸೆಯಷ್ಟು, ಮುಕ್ಕಾಲು ಲೀಟರಿನ ಆಸುಪಾಸು. ನಾಲ್ಕು ಮುದ್ದ್‌ಗೆ ಒಂದು ಸಾಅ್. ನೀವು ಒಂದು ಚೊಂಬು ನೀರಿಟ್ಟುಕೊಂಡು ಕೈ ಕಾಲು ಮುಖ ತೊಳೆದು ನೋಡಿ, ಸಾಕಾಗುತ್ತದೆ. ನಲ್ಲಿ ಬಿಟ್ಟುಕೊಂಡು ಕೂತರೆ ಎಷ್ಟಿದ್ದರೂ ಸಾಲದು. ಇದನ್ನು ಅತ್ತೆಗೆ ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

2019ರ ಡಿಸೆಂಬರ್. ನಮ್ಮ ಕಡೆ ಆ ತಿಂಗಳ ಬೆಳಗಿನ ಜಾವ ನೀರಿಗೆ ಕೈಯಿಟ್ಟರೆ ಬೆರಳು ಸೆಟೆಯುತ್ತದೆ. ಫಜರ್ ನಮಾಜಿಗೆ ಎದ್ದ ಅತ್ತೆ, ಯಾರನ್ನೂ ಎಬ್ಬಿಸದೆ, ಬಚ್ಚಲಲ್ಲಿ ಒಂದು ಕಾಲನ್ನೆತ್ತಿ ತೊಳೆಯುವಾಗ ಜಾರಿ ಬಿದ್ದರು. ಬಲ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಹೊಲಿಗೆಗೆ ನೀರು ತಾಗಿಸಬೇಡಿ ಎಂದರು. ಮೂತ್ರಕ್ಕೆ ನಳಿಗೆ ಹಾಕಿ ಚೀಲ ತೂಗುಹಾಕಿದರು. ಮೇಲಿಂದ ಎದೆಯಲ್ಲಿ ಕಫ ಕಟ್ಟಿ ಜ್ವರ. ಒದ್ದೆ ಬಟ್ಟೆಯಿಂದ ಕೈ ಒರೆಸಿದರೂ ಗಡಗಡ ನಡುಗುತ್ತಿದ್ದರು. ನೀರಿನಿಂದ ದೂರ ಇಡಿ ಎಂದರು ಡಾಕ್ಟರು. ಮನೆಗೆ ಕರೆತಂದು ಹಾಲ್‌ನಲ್ಲಿ ಮಂಚ ಹಾಕಿದೆವು.

ಅತ್ತೆ ನಮಾಜು ಬಿಟ್ಟರು. ಬುದ್ಧಿ ಬಂದಾಗಿನಿಂದ ಮುಟ್ಟಿನ ದಿನ, ಬಾಣಂತನ ಬಿಟ್ಟರೆ ಒಂದು ಹೊತ್ತೂ ತಪ್ಪಿಸದವರು. ಅಝಾನ್ ಕೇಳಿದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಯಾಕಮ್ಮೀ ಎಂದರೆ ಆ ಚೀಲದ ಕಡೆ ಕೈ ತೋರಿಸಿ, “ಹೀಗೆ ನಾಪಾಕಾಗಿ ಬಿದ್ದುಕೊಂಡು ಅವನ ಹೆಸರು ಹೇಗೆ ಹೇಳಲಿ?” ಅಂದರು. ನಾನು ಸುಮ್ಮನಿದ್ದೆ. ಯಾಕೆಂದರೆ, ಸತ್ಯ ಹೇಳುತ್ತೇನೆ, ನನಗೂ ಹಾಗೆಯೇ ಅನಿಸಿತ್ತು. ತಯಮ್ಮುಮ್ ಎಂಬುದೊಂದಿದೆ, ನೀರಿಲ್ಲದಾಗ, ನೀರಿನಿಂದ ಕೆಡುಕಾಗುವಾಗ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳಬಹುದು ಎಂದು ನನಗೆ ಗೊತ್ತಿತ್ತು. ಆದರೆ ಹನಿ ಹನಿಯಾಗಿ ಸದಾ ಹೋಗುತ್ತಿರುವ ಮೂತ್ರಕ್ಕೆ ಏನು ಮಾಡುವುದು? ಶುದ್ಧಿ ಆದ ಮರುಕ್ಷಣ ಮುರಿಯುವುದಿಲ್ಲವೇ?

ಮೌಲ್ವಿಯವರನ್ನು ಕೇಳಿ ಬನ್ನಿ ಎಂದು ನಮ್ಮವರಿಗೆ ಹೇಳಿದೆ. ತಾಯಿಯ ಮೂತ್ರದ ಚೀಲದ ಮಾತನ್ನು ಮಸೀದಿಯ ಜಗುಲಿಯಲ್ಲಿ ಹೇಗೆ ಎತ್ತುವುದೆಂದು ಅವರಿಗೆ ನಾಚಿಕೆ. ನಾಳೆ ಕೇಳ್ತೇನೆ, ಶುಕ್ರವಾರ ಕೇಳ್ತೇನೆ ಅಂದರು. ನನಗೂ ನಾಚಿಕೆಯೇ. ಹೀಗೆ ಹದಿನೇಳು ದಿನ ಹೋದವು.

ನಾಚಿಕೆಯಿಂದ ನಾನು ಏಟು ತಿಂದದ್ದು ಅದೇ ಮೊದಲಲ್ಲ. ಮೊದಲ ಬಾಣಂತನದಲ್ಲಿ ಇಪ್ಪತ್ತೈದನೇ ದಿನಕ್ಕೇ ಎಲ್ಲ ನಿಂತಿತ್ತು. ನಲವತ್ತು ಎಂದು ಎಲ್ಲರೂ ಅಂದರು, ನಾನೂ ನಲವತ್ತರವರೆಗೆ ಕಾದೆ. ನಲವತ್ತು ಎಂಬುದು ಹನಫಿಯಲ್ಲಿ ಗರಿಷ್ಠ ಮಿತಿ, ಶಾಫಿಯಲ್ಲಿ ಅರವತ್ತು. ಕನಿಷ್ಠ ಇಷ್ಟೇ ದಿನ ಎಂಬುದು ಎರಡರಲ್ಲೂ ಇಲ್ಲ, ನಿಂತ ದಿನವೇ ಮಿಂದು ನಮಾಜು ಶುರು ಮಾಡಬೇಕು ಎಂದು ಗೊತ್ತಾದದ್ದು ಎರಡನೆಯ ಮಗುವಿನ ಹೊತ್ತಿಗೆ. ಯಾರನ್ನೂ ಕೇಳಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಪ್ರವಾದಿಯವರ ಕಾಲದ ಹೆಂಗಸರು ನಮ್ಮಂತಲ್ಲ. ಹೆಂಗಸಿಗೆ ಕನಸಿನಲ್ಲಿ ಸ್ಖಲನವಾದರೆ ಸ್ನಾನ ಬೇಕೇ ಎಂದು ಉಮ್ಮು ಸುಲೈಮ್ ನೇರವಾಗಿ ಕೇಳಿದರು. ಗುಸ್ಲ್‌ಗೆ ಬಿಗಿದ ಜಡೆ ಬಿಚ್ಚಬೇಕೇ ಎಂದು ಉಮ್ಮು ಸಲಮಾ ಕೇಳಿದರು. ಬೇಡ, ತಲೆಗೆ ಮೂರು ಬೊಗಸೆ ನೀರು ಹೊಯ್ದರೆ ಸಾಕು ಎಂಬ ಉತ್ತರ ಬಂತು. ಮೊಣಕಾಲುದ್ದದ ಜಡೆಯಿದ್ದ ಹೆಂಗಸರೆಲ್ಲ ಅವರಿಗೆ ಎಷ್ಟು ದುವಾ ಮಾಡಿರಬೇಡ! ಅನ್ಸಾರಿ ಹೆಂಗಸರಿಗೆ ನಾಚಿಕೆ ಧರ್ಮದ ತಿಳಿವಳಿಕೆಗೆ ಅಡ್ಡ ಬರಲಿಲ್ಲವೆಂದು ಆಯಿಶಾರು ಮೆಚ್ಚಿಕೊಂಡಿದ್ದಾರೆ. ಇದನ್ನೆಲ್ಲ ಮದ್ರಸಾದಲ್ಲಿ ಬಾಯಿಪಾಠ ಹೇಳಿದವಳು ನಾನು, ಹದಿನೇಳು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಹದಿನೆಂಟನೆಯ ದಿನ ಮೌಲ್ವಿಯವರ ಹೆಂಡತಿಯ ಮನೆಗೆ ಹೋದೆ. ಮನೆಯಲ್ಲೇ ಹೆಣ್ಣುಮಕ್ಕಳಿಗೆ ಕುರ್‌ಆನ್ ಕಲಿಸುವ ಹೆಂಗಸು, ನನಗಿಂತ ಚಿಕ್ಕವಳು. ನಾನು ತಡವರಿಸಿ ಹೇಳುವಷ್ಟರಲ್ಲಿ, “ಆಪಾ, ಅವರು ಮಾಜೂರ್” ಎಂದಳು. ಅಂದರೆ ರಿಯಾಯಿತಿ ಉಳ್ಳವರು. ತಡೆಯಿಲ್ಲದೆ ಮೂತ್ರ ಹೋಗುವವರು, ನಿಲ್ಲದ ರಕ್ತಸ್ರಾವದವರು ಪ್ರತಿ ನಮಾಜಿನ ವೇಳೆಗೆ ಒಮ್ಮೆ ಶುದ್ಧಿ ಮಾಡಿಕೊಂಡರೆ ಆಯಿತು. ಆ ವೇಳೆ ಮುಗಿಯುವವರೆಗೆ ಅದು ಹೋಗುತ್ತಿದ್ದರೂ ಲೆಕ್ಕಕ್ಕಿಲ್ಲ. ನೀರು ಆಗದಿದ್ದರೆ ತಯಮ್ಮುಮ್. ಕೂರಲಾಗದಿದ್ದರೆ ಮಲಗಿ, ತಲೆಯ ಸನ್ನೆಯಿಂದ ನಮಾಜು. ಇಷ್ಟೇ. ಎರಡು ನಿಮಿಷದ ಮಾತು! ತಲೆಗೆ ಗಾಯವಾಗಿದ್ದವನೊಬ್ಬನಿಗೆ ಜೊತೆಯವರು ಮೀಯಲೇಬೇಕೆಂದು ಹೇಳಿ, ಅವನು ಮಿಂದು ಸತ್ತುಹೋದಾಗ ಪ್ರವಾದಿಯವರು ಎಷ್ಟು ಸಿಟ್ಟಾದರೆಂಬುದನ್ನೂ ಅವಳೇ ಹೇಳಿದಳು. ತಿಳಿಯದಿದ್ದರೆ ಕೇಳಬಾರದಿತ್ತೇ ಎಂಬುದೇ ಅವರ ಸಿಟ್ಟಿನ ಸಾರ. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಮನೆಗೆ ಬಂದು ಅತ್ತೆಗೆ ಹೇಳಿದರೆ ಮೊದಲು ನಂಬಲಿಲ್ಲ. ತಯಮ್ಮುಮ್ ಬಂದ ಕಥೆ ನೆನಪು ಮಾಡಿದೆ. ಪ್ರಯಾಣದಲ್ಲಿ ಆಯಿಶಾರ ಸರ ಕಳೆದುಹೋಯಿತು, ಅದೂ ಅಕ್ಕನಿಂದ ಕೇಳಿ ಹಾಕಿಕೊಂಡದ್ದು. ಹುಡುಕಲು ಇಡೀ ಪಡೆ ನಿಂತಿತು. ಅಲ್ಲಿ ನೀರಿಲ್ಲ. ಎಲ್ಲರನ್ನೂ ಇಲ್ಲಿ ಕೆಡವಿದೆಯಲ್ಲ ಎಂದು ತಂದೆ ಅಬೂಬಕ್ಕರರು ಬಂದು ಬೈದು ಸೊಂಟಕ್ಕೆ ತಿವಿದರು. ಬೆಳಗಾಗುವಾಗ ಮಣ್ಣಿನ ಶುದ್ಧಿಯ ಅಪ್ಪಣೆ ಇಳಿಯಿತು. ಒಂಟೆಯನ್ನು ಎಬ್ಬಿಸಿದರೆ ಸರ ಅದರ ಕೆಳಗೇ ಇತ್ತು. “ಹೆಂಗಸಿನ ಒಂದು ಸರ ಕಳೆದದ್ದಕ್ಕೆ ನಮಗೆಲ್ಲ ಸಿಕ್ಕಿದ ಸವಲತ್ತು ಅಮ್ಮೀ, ಬೇಡ ಅನ್ನಬೇಡಿ” ಅಂದೆ. ಅತ್ತೆ ಗೋಡೆಯ ಕಡೆಯಿಂದ ಮುಖ ಈ ಕಡೆ ತಿರುಗಿಸಿದರು.

ನಮ್ಮವರು ಹಿತ್ತಿಲಲ್ಲಿ ಉಳಿದಿದ್ದ ಹೊಸ ಇಟ್ಟಿಗೆಯೊಂದನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿ ತಂದರು. ಈಗ ನನಗೆ ಅನುಮಾನ! ನಮ್ಮ ಶಾಫಿಯಲ್ಲಿ ತಯಮ್ಮುಮ್‌ಗೆ ಧೂಳಿರುವ ಮಣ್ಣೇ ಬೇಕು. ತೊಳೆದ ಇಟ್ಟಿಗೆಯಲ್ಲಿ ಧೂಳೆಲ್ಲಿ? ಹನಫಿಯಲ್ಲಿ ಕಲ್ಲು, ಇಟ್ಟಿಗೆ, ಮಣ್ಣಿನ ಗೋಡೆ ಏನಾದರೂ ಆದೀತು. “ಸ್ವಲ್ಪ ಮಣ್ಣು ಉದುರಿಸಲೇ ಅಮ್ಮೀ?” ಎಂದು ಕೇಳಿದೆ. ಬಿದ್ದ ಮೇಲೆ ಮೊದಲ ಸಲ ಅತ್ತೆ ನಕ್ಕರು. “ನಿನ್ನ ಕಡಲ ಊರಿನ ಕಾನೂನು ನನ್ನ ಹಾಸಿಗೆಗೆ ತರಬೇಡ, ಬೆಡ್‌ಶೀಟು ಒಗೆಯೋಳು ನೀನೇ.”

ಮನಸ್ಸಿನಲ್ಲಿ ನಿಯ್ಯತ್ ಮಾಡಿ, ಎರಡು ಅಂಗೈಯನ್ನು ಇಟ್ಟಿಗೆಯ ಮೇಲೆ ತಟ್ಟಿ ಮುಖ ಸವರಿಕೊಂಡರು. ಮತ್ತೆ ತಟ್ಟಿ ಮೊಣಕೈಯವರೆಗೆ ಕೈ ಸವರಿಕೊಂಡರು. ಎಡಗೈ ಸರಿಯಾಗಿ ಎಟುಕದೆ ನಾನು ಆಸರೆ ಕೊಟ್ಟೆ. ಬಕೆಟ್ಟುಗಟ್ಟಲೆ ನೀರಿಗೂ ಹೋಗದಿದ್ದ ಅವರ ಅನುಮಾನ ಆ ಒಣ ಇಟ್ಟಿಗೆಗೆ ಹೇಗೆ ಹೋಯಿತೋ, ಎರಡನೇ ಸಲ ಮಾಡುತ್ತೇನೆ ಎನ್ನಲಿಲ್ಲ.

ಆದರೆ ಲೆಕ್ಕ ಬಿಡುವವರಲ್ಲ. ತಪ್ಪಿದ ಹದಿನೇಳು ದಿನಗಳ ನಮಾಜನ್ನು ಕಝಾ ತೀರಿಸಬೇಕೆಂದರು. ದಿನಕ್ಕೆ ಐದು, ಹನಫಿಯವರಿಗೆ ರಾತ್ರಿಯ ವಿತ್ರ್ ಸೇರಿ ಆರು, ಒಟ್ಟು 102. ಮಂಚದ ತಲೆಗಡೆ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಿ, ಒಂದೊಂದು ಮುಗಿದ ಹಾಗೆ ನಾನು ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದೆ. ಉಸಿರು ಚೆನ್ನಾಗಿದ್ದ ದಿನ ಐದಾರು, ಇಲ್ಲದ ದಿನ ಒಂದೋ ಎರಡೋ. ಜನವರಿ ಕಳೆಯಿತು. ಗೀಟು 93ಕ್ಕೆ ಬಂದಾಗ, 2020ರ ಫೆಬ್ರವರಿಯಲ್ಲಿ ಒಂದು ರಾತ್ರಿ, ಅತ್ತೆ ನಿದ್ದೆಯಲ್ಲೇ ಹೋದರು.

ಮಯ್ಯಿತ್ ಸ್ನಾನ ಮಾಡಿಸುವುದೂ ಒಂದು ಗುಸ್ಲ್. ಹೆಂಗಸಿಗೆ ಹೆಂಗಸರೇ ಮಾಡಿಸಬೇಕು. ಮೌಲ್ವಿಯವರ ಹೆಂಡತಿ, ನನ್ನ ನಾದಿನಿ, ನಾನು ಮೂವರು. ಪ್ರವಾದಿಯವರ ಮಗಳು ಝೈನಬ್ ತೀರಿಕೊಂಡಾಗ ಸ್ನಾನ ಮಾಡಿಸಿದ ಉಮ್ಮು ಅತಿಯ್ಯಾ ಎಂಬಾಕೆಯಿಂದ ಈ ಕ್ರಮ ನಮಗೆ ಬಂದಿದೆ. ಬಲಗಡೆಯಿಂದ ಶುರು, ವುಜೂವಿನ ಅಂಗಗಳು ಮೊದಲು, ಮೂರೋ ಐದೋ ಬೆಸ ಸಂಖ್ಯೆ, ಬೋರೆ ಎಲೆಯ ನೀರು, ಕೊನೆಯದಕ್ಕೆ ಕರ್ಪೂರ. ಮೈಮೇಲೆ ಬಟ್ಟೆ ಹೊದಿಸಿಯೇ ಅದರಡಿಯಿಂದ ತೊಳೆಯಬೇಕು, ಬದುಕಿದ್ದವರಿಗೆ ನೋಯುತ್ತದೇನೋ ಎಂಬಷ್ಟು ಮೆಲ್ಲಗೆ. ನೀರು ಉಗುರು ಬೆಚ್ಚಗಿತ್ತು. ಬಲ ಸೊಂಟದ ಹೊಲಿಗೆಯ ಗಾಯ ಪೂರಾ ಕೂಡಿತ್ತು. ಇಷ್ಟು ದಿನ ನೀರು ತಾಗಿಸಬೇಡಿ ಎಂದಿದ್ದ ಜಾಗಕ್ಕೆ ಹೊಯ್ಯುವಾಗ ನನ್ನ ಕೈ ತಡೆಯಿತು. ಕೈ ತೊಳೆದಾದ ಮೇಲೆ ನಾನು ಅವರ ಕೈಯನ್ನು ಮೆಲ್ಲಗೆ ತಿರುಗಿಸಿ ಮೊಣಕೈ ನೋಡಿದೆ. ಸ್ವಲ್ಪ ಒಣಗಿತ್ತು. ಮತ್ತೆ ಹೊಯ್ದೆ.

ಕೂದಲಿನ ಹತ್ತಿರ ಬಂದಾಗ ಇನ್ನೊಂದು. ನಮ್ಮ ಶಾಫಿ ಕ್ರಮದಲ್ಲಿ ಮೂರು ಜಡೆ ಹೆಣೆದು ಹಿಂದಕ್ಕೆ ಬಿಡುತ್ತಾರೆ, ಹನಫಿಯಲ್ಲಿ ಎರಡು ಮಾಡಿ ಎದೆಯ ಮೇಲೆ. ನನ್ನ ಬೆರಳು ಅಭ್ಯಾಸದಂತೆ ಮೂರು ಪಾಲು ಮಾಡಿತ್ತು. ಕಡಲ ಊರಿನ ಕಾನೂನು ನೆನಪಾಯಿತು. ಬಿಚ್ಚಿ ಎರಡು ಮಾಡಿದೆ.

ಉಳಿದ ಒಂಬತ್ತು ನಮಾಜುಗಳನ್ನು ಅವರ ಬದಲು ನಾವು ಮಾಡುವಂತಿಲ್ಲ. ಒಂದೊಂದಕ್ಕೆ ಒಂದು ಫಿತ್ರ್ ದಾನದಷ್ಟು ಬಡವರಿಗೆ ಕೊಡುವ ಫಿದ್ಯಾ ಎಂಬ ಕ್ರಮ ಹನಫಿಯಲ್ಲಿದೆ. ಅತ್ತೆ ಮೊದಲೇ ಹೇಳಿಟ್ಟಿದ್ದರು, ನಮ್ಮವರು ಕೊಟ್ಟರು. ಲೆಕ್ಕ ಚುಕ್ತವಾಯಿತೆಂದು ಎಲ್ಲರೂ ಅಂದರು. ನನಗೆ ಆ ಒಂಬತ್ತರ ಮೇಲೆ ಕಣ್ಣು ಹೋದಾಗಲೆಲ್ಲ, ಎರಡು ನಿಮಿಷದ ಆ ಮಾತನ್ನು ಮೊದಲ ದಿನವೇ ಕೇಳಿದ್ದರೆ ಆ ಹಾಳೆಯೇ ಇರುತ್ತಿರಲಿಲ್ಲ ಎನಿಸುತ್ತದೆ. ಹಾಳೆಯನ್ನು ನಾನು ಎಸೆದಿಲ್ಲ.

ಇಟ್ಟಿಗೆಯೂ ಇದೆ, ಕಿಟಕಿಯ ಕಟ್ಟೆಯ ಮೇಲೆ. ಕಳೆದ ಮಳೆಗಾಲದಲ್ಲಿ ಮಗಳಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿ ಎರಡೂ ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು, ಜ್ವರ ಇಳಿದಿರಲಿಲ್ಲ. ಮನೆಗೆ ಬಟ್ಟೆ ತರಲು ಬಂದವಳಿಗೆ ಫೋನು ಮಾಡಿ, “ಅಮ್ಮಾ, ಬರುವಾಗ ದಾದಿಯ ಇಟ್ಟಿಗೆ ತಗೊಂಡು ಬಾ” ಎಂದಳು. ಟವೆಲಿನಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಸೀಟಿನಡಿ ತಳ್ಳಲು ಹೋಗಿ, “ಏನಮ್ಮಾ ಇದು, ಇಷ್ಟು ಭಾರ?” ಅಂದ.

“ಇಟ್ಟಿಗೆ ಕಣಪ್ಪಾ.”

“ಒಂದೇ ಒಂದು ಇಟ್ಟಿಗೆ ತಗೊಂಡು ಏನ್ ಕಟ್ತೀರಮ್ಮಾ?” ಎಂದು ನಗುತ್ತಾ ಟಿಕೆಟು ಹರಿದು ಕೊಟ್ಟ.